ಆನ್‌ಲೈನ್ ಹರಾಜಿಗೆ ಬ್ಲಾಕ್‌ಚೈನ್ ಕಾವಲು: ಎಲ್ಲಿಯವರೆಗೆ?

ಆನ್‌ಲೈನ್ ಹರಾಜಿನಲ್ಲಿ ಮೋಸ ಮಾಡಬಲ್ಲವರು ಮೂವರು: ಮಾರುವವನು, ಕೊಳ್ಳುವವನು, ಹರಾಜು ನಡೆಸುವವನು. ಮಾರುವವನು ನಾಲ್ಕಾರು ಹೆಸರಿನಲ್ಲಿ ಖಾತೆ ತೆರೆದು ತನ್ನ ಮಾಲಿಗೆ ತಾನೇ ಬಿಡ್ ಕೂಗಿ ಬೆಲೆ ಏರಿಸಬಹುದು. ಹಣ ಪಡೆದು ಮಾಲು ಕಳಿಸದಿರಬಹುದು, ನಕಲಿ ಮಾಲು ಕಳಿಸಬಹುದು. ಕೊಳ್ಳುವವರು ಒಳಗೊಳಗೇ ಮಾತಾಡಿಕೊಂಡು, ಒಬ್ಬನನ್ನಷ್ಟೇ ಮುಂದೆ ಬಿಟ್ಟು ಬೆಲೆ ಮೇಲೇಳದಂತೆ ನೋಡಿಕೊಳ್ಳಬಹುದು. ಗೆದ್ದ ಮೇಲೆ ಹಣ ಕಟ್ಟದೆ ಕೈಕೊಡಬಹುದು. ನಡೆಸುವವನ ಕೈಯಲ್ಲಿ ಸರ್ವರ್ ಇರುತ್ತದೆ. ಮುಚ್ಚಿದ ಬಿಡ್‌ಗಳನ್ನು ಮೊದಲೇ ಇಣುಕಿ ನೋಡುವುದು, ಗಡುವು ಮೀರಿ ಬಂದದ್ದನ್ನು ಒಳಗೆ ತೂರಿಸುವುದು, ದಾಖಲೆಯ ಅಂಕಿ ತಿದ್ದುವುದು ಅವನಿಗೆ ಸಾಧ್ಯ. ಬ್ಲಾಕ್‌ಚೈನ್ ಈ ಮೂವರನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ ಎಂಬುದು ಆ ತಂತ್ರಜ್ಞಾನ ಮಾರುವವರ ಮಾತು. ಅದು ನಿಜವಾಗಿ ಕಟ್ಟಿಹಾಕುವುದು ಮೂರನೆಯವನನ್ನು. ಮೊದಲನೆಯವನು ಅರ್ಧ ಮಾತ್ರ ಸಿಗುತ್ತಾನೆ; ಎರಡನೆಯವನಿಗೆ ಕೆಲವೊಮ್ಮೆ ಅನುಕೂಲವೇ ಆಗಿಬಿಡುತ್ತದೆ.

ಮಾರುವವನ ಮೋಸಕ್ಕೆ ಹೆಸರಾದ ಪ್ರಕರಣ 2000ದ ಮೇ ತಿಂಗಳಿನದು. ಕ್ಯಾಲಿಫೋರ್ನಿಯಾದ ವಕೀಲ ಕೆನೆತ್ ವಾಲ್ಟನ್ ಇಬೇ ಜಾಲತಾಣದಲ್ಲಿ 25 ಸೆಂಟಿನಿಂದ ಹರಾಜಿಗಿಟ್ಟ ಒಂದು ಅಮೂರ್ತ ಚಿತ್ರ 1,35,805 ಡಾಲರ್‌ವರೆಗೆ ಏರಿತು. ಅದು ಅಮೆರಿಕದ ಪ್ರಸಿದ್ಧ ಕಲಾವಿದ ರಿಚರ್ಡ್ ಡೀಬೆನ್‌ಕಾರ್ನ್ ಅವರ ಕೃತಿಯಿರಬಹುದೆಂದು ನೋಡಿದವರು ಊಹಿಸಿಕೊಳ್ಳುವಂತೆ ಎಲ್ಲವನ್ನೂ ಹೊಂದಿಸಲಾಗಿತ್ತು. ವಾಲ್ಟನ್ ಮತ್ತು ಗೆಳೆಯರು ಹತ್ತಾರು ಖಾತೆಗಳಿಂದ ಒಬ್ಬರ ಮಾಲಿಗೆ ಇನ್ನೊಬ್ಬರು ಬಿಡ್ ಹಾಕುತ್ತಿದ್ದುದು ಆಮೇಲೆ ಬಯಲಾಯಿತು. ಇಬೇ ಆ ಮಾರಾಟವನ್ನು ರದ್ದುಮಾಡಿತು. 2001ರಲ್ಲಿ ವಾಲ್ಟನ್ ತಪ್ಪೊಪ್ಪಿಕೊಂಡರು. ಇಂಥ ಬೇನಾಮಿ ಬಿಡ್ ಕಾನೂನಿಗೆ ಹೊಸದಲ್ಲ. ಭಾರತದ 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಹರಾಜಿಗೇ ಮೀಸಲು. ಬೆಲೆ ಏರಿಸಲು ಮಾರುವವನು ಸೋಗಿನ ಬಿಡ್ ಹಾಕಿಸಿದ್ದರೆ ಆ ಮಾರಾಟವನ್ನು ತಳ್ಳಿಹಾಕುವ ಹಕ್ಕು ಕೊಂಡವನಿಗಿದೆ. ಕಲಮು ಇದ್ದರೂ ಸೋಗು ಸಾಬೀತಾಗಬೇಕಲ್ಲ. ಪರದೆಯ ಹಿಂದೆ ಕೂತವನ ಗುರುತು ಸಿಗುವುದೇ ಕಷ್ಟ.

ನಡೆಸುವವರ ಕಡೆಯ ಮೋಸ ಹೇಗಿರಬಹುದೆಂಬುದಕ್ಕೆ ಮಧ್ಯಪ್ರದೇಶದ ಇ-ಟೆಂಡರ್ ಹಗರಣ ನೋಡಬೇಕು. ಟೆಂಡರ್ ಎಂದರೆ ತಲೆಕೆಳಗಾದ ಹರಾಜು: ಕಡಿಮೆ ದರ ಕೂಗಿದವನಿಗೆ ಕೆಲಸ. ಸರ್ಕಾರಿ ಪೋರ್ಟಲ್‌ಗೆ ಸಲ್ಲಿಸಿದ್ದ ದರಗಳನ್ನು ಒಳಗಿನಿಂದಲೇ ತಿದ್ದಿ, ಬೇಕಾದ ಕಂಪನಿಗಳನ್ನು ಕನಿಷ್ಠ ದರದವರನ್ನಾಗಿ ಮಾಡಲಾಗಿದೆ ಎಂಬ ಆರೋಪ 2018ರಲ್ಲಿ ಎದ್ದಿತು. ಜಲನಿಗಮದ ಟೆಂಡರ್‌ಗಳಿಂದ ಶುರುವಾದ ವಿಚಾರಣೆ ಬೇರೆ ಇಲಾಖೆಗಳಿಗೂ ಹಬ್ಬಿ, 2019ರ ಏಪ್ರಿಲ್‌ನಲ್ಲಿ ಒಂಬತ್ತು ಟೆಂಡರ್‌ಗಳ ಬಗ್ಗೆ ರಾಜ್ಯದ ಆರ್ಥಿಕ ಅಪರಾಧ ವಿಭಾಗ ಎಫ್‌ಐಆರ್ ದಾಖಲಿಸಿತು. ಮೊಹರು ಮಾಡಿದ ಲಕೋಟೆಯ ಕಾಲದಲ್ಲಿ ಅರಗು ಒಡೆದದ್ದು ಕಣ್ಣಿಗೆ ಕಾಣುತ್ತಿತ್ತು. ಡೇಟಾಬೇಸಿನ ಒಂದು ಕೋಶದಲ್ಲಿ ಏಳನ್ನು ಒಂದು ಮಾಡಿದರೆ ಗೀರೂ ಬೀಳುವುದಿಲ್ಲ. ತಿದ್ದುವ ಅಧಿಕಾರ ಇದ್ದವನ ಬಳಿಯೇ, ತಿದ್ದಿದವರ ಹೆಜ್ಜೆಗುರುತು ಇರುವ ಲಾಗ್ ಕಡತವೂ ಇರುತ್ತದೆ.

ಬ್ಲಾಕ್‌ಚೈನ್ ಹುಟ್ಟಿಕೊಂಡದ್ದೇ ಈ ಬಗೆಯ ಸಮಸ್ಯೆಗೆ ಉತ್ತರವಾಗಿ. ಅದರ ಬುನಾದಿ ಹ್ಯಾಶ್ ಎಂಬ ಲೆಕ್ಕಾಚಾರ. ಒಂದು ಅಂಕಿಯಾಗಲಿ, ಇಡೀ ಪುಸ್ತಕವಾಗಲಿ, ಎಸ್‌ಎಚ್‌ಎ-256 ಎಂಬ ಸೂತ್ರಕ್ಕೆ ಹಾಕಿದರೆ 64 ಅಕ್ಷರ-ಅಂಕಿಗಳ ಒಂದು ಸಾಲು ಹೊರಬರುತ್ತದೆ. ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಸಾಲಿನಿಂದ ಹಿಂದಕ್ಕೆ ಹೋಗಿ ಮೂಲವನ್ನು ಬಿಡಿಸಿಕೊಳ್ಳಲು ದಾರಿಯಿಲ್ಲ. ಅಮೆರಿಕದ ಬೆಲ್‌ಕೋರ್ ಸಂಶೋಧನಾಲಯದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟಾ 1991ರಲ್ಲಿ, ದಾಖಲೆಗಳ ಹ್ಯಾಶ್‌ಗಳನ್ನು ಒಂದಕ್ಕೊಂದು ಕೊಂಡಿ ಹಾಕಿದರೆ ನಡುವಿನ ಯಾವುದನ್ನೂ ಗುಟ್ಟಾಗಿ ಬದಲಿಸಲಾಗದು ಎಂದು ತೋರಿಸಿದರು. ಅವರ ಕಂಪನಿ 1995ರಿಂದ ವಾರಕ್ಕೊಮ್ಮೆ ಇಂಥ ಒಂದು ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತುಗಳ ನಡುವೆ ಅಚ್ಚು ಹಾಕಿಸತೊಡಗಿತು. ಲಕ್ಷಾಂತರ ಮನೆಗಳಿಗೆ ಹೋದ ಪತ್ರಿಕೆಯನ್ನು ವಾಪಸ್ ತರಿಸಿ ತಿದ್ದುವವರು ಯಾರು? 2008ರಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಹೊರಬಂದ ಬಿಟ್‌ಕಾಯಿನ್ ಪ್ರಬಂಧ ಈ ಕೊಂಡಿಯನ್ನೇ ತೆಗೆದುಕೊಂಡು, ಪತ್ರಿಕೆಯ ಬದಲು ಸಾವಿರಾರು ಕಂಪ್ಯೂಟರ್‌ಗಳಲ್ಲಿ ಅದರ ಪ್ರತಿ ಇಟ್ಟಿತು. 2015ರಲ್ಲಿ ಶುರುವಾದ ಇಥೀರಿಯಂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಸಾಮೂಹಿಕ ಕಡತದ ಮೇಲೆ ಪ್ರೋಗ್ರಾಂಗಳೇ ಓಡುವಂತೆ ಮಾಡಿತು. ಸ್ಮಾರ್ಟ್ ಕಾಂಟ್ರಾಕ್ಟ್ ಎನ್ನುವುದು ಇದನ್ನೇ. ಆ ವೇದಿಕೆಯಲ್ಲಿ ಬಳಸುವ ಸಾಲಿಡಿಟಿ ಭಾಷೆಯ ಅಧಿಕೃತ ಕೈಪಿಡಿಯಲ್ಲಿ ಕಲಿಯುವವರಿಗೆ ಕೊಟ್ಟಿರುವ ಮಾದರಿಗಳಲ್ಲಿ ಹರಾಜೂ ಒಂದು.

ಮುಚ್ಚಿದ ಬಿಡ್ ಇಲ್ಲಿ ಎರಡು ಹಂತದಲ್ಲಿ ನಡೆಯುತ್ತದೆ. ಒಂದು ಲಾಟ್ ಕಾಫಿಗೆ ಒಬ್ಬ ವರ್ತಕ 4,15,000 ರೂಪಾಯಿ ಕೂಗಬೇಕೆಂದಿದ್ದಾನೆ ಎನ್ನೋಣ. ಮೊದಲ ಹಂತದಲ್ಲಿ ಅವನು ಆ ಅಂಕಿಯನ್ನು ಕಳಿಸುವುದಿಲ್ಲ, ಅದರ ಹ್ಯಾಶ್ ಮಾತ್ರ ಕಳಿಸುತ್ತಾನೆ. ಗಡುವು ಮುಗಿದ ಮೇಲೆ ಎರಡನೇ ಹಂತ: ಎಲ್ಲರೂ ತಮ್ಮ ತಮ್ಮ ಅಂಕಿಯನ್ನು ಬಹಿರಂಗಪಡಿಸಬೇಕು. ಕಾಂಟ್ರಾಕ್ಟ್ ಆ ಅಂಕಿಯಿಂದ ಹ್ಯಾಶ್ ತೆಗೆದು ಮೊದಲು ಬಂದದ್ದಕ್ಕೆ ತಾಳೆ ನೋಡುತ್ತದೆ. ಹೊಂದದಿದ್ದರೆ ಬಿಡ್ ತಿರಸ್ಕೃತ. ಇದರಲ್ಲಿ ಒಂದು ಸೂಕ್ಷ್ಮವಿದೆ. ಬರೀ 4,15,000ದ ಹ್ಯಾಶ್ ಕಳಿಸಿದರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ಕಾಫಿ ಲಾಟಿನ ಬೆಲೆ ಒಂದು ಲಕ್ಷದಿಂದ ಹತ್ತು ಲಕ್ಷದೊಳಗೆ, ನೂರರ ಲೆಕ್ಕದಲ್ಲಿ ಇರುತ್ತದೆಂದು ಎದುರಾಳಿಗೆ ಗೊತ್ತಿದ್ದರೆ, ಆ ಒಂಬತ್ತು ಸಾವಿರ ಅಂಕಿಗಳ ಹ್ಯಾಶ್ ತೆಗೆದು ಹೋಲಿಸಲು ಸಾಮಾನ್ಯ ಲ್ಯಾಪ್‌ಟಾಪಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಆದ್ದರಿಂದ ಅಂಕಿಯ ಜೊತೆಗೆ ಯಾರೂ ಊಹಿಸಲಾಗದ ಉದ್ದನೆಯ ಗುಪ್ತ ಪದವೊಂದನ್ನು ಬೆರೆಸಿ ಹ್ಯಾಶ್ ಮಾಡುತ್ತಾರೆ. ಆ ಪದವನ್ನು ಬಿಡ್‌ದಾರ ಜೋಪಾನವಾಗಿ ಇಟ್ಟುಕೊಳ್ಳಬೇಕು. ಕಳೆದುಕೊಂಡರೆ ತನ್ನದೇ ಬಿಡ್ ತೆರೆಯಲು ಅವನಿಂದಾಗದು. ಪಾಸ್‌ವರ್ಡ್ ಮರೆತವರಿಗೆ ಸಹಾಯ ಮಾಡುವ ಕೌಂಟರ್ ಇಲ್ಲಿಲ್ಲ.

ಈ ವಿಧಾನದಿಂದ ಹೆಚ್ಚು ಲಾಭವಾಗುವುದು ವಿಕ್ರಿ ಹರಾಜಿಗೆ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ವಿಶ್ಲೇಷಿಸಿದ ಈ ಕ್ರಮದಲ್ಲಿ ಹೆಚ್ಚು ಕೂಗಿದವನು ಗೆಲ್ಲುತ್ತಾನೆ, ಆದರೆ ಕಟ್ಟುವುದು ಎರಡನೇ ಸ್ಥಾನದವನು ಕೂಗಿದ ಬೆಲೆ. ಹಾಗಾಗಿ ಪ್ರತಿಯೊಬ್ಬರೂ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಬರೆಯುವುದು ಅವರಿಗೇ ಒಳ್ಳೆಯದು. ವಿಕ್ರಿಗೆ 1996ರಲ್ಲಿ ನೊಬೆಲ್ ಬಂತು. ತತ್ವದಲ್ಲಿ ಇಷ್ಟು ಅಂದವಾದ ಹರಾಜು ವ್ಯವಹಾರದಲ್ಲಿ ಅಪರೂಪವಾಗಿಯೇ ಉಳಿಯಿತು. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಹರಾಜು ನಡೆಸುವವನ ಮೇಲಿನ ಅಪನಂಬಿಕೆ. ಲಕೋಟೆಗಳನ್ನು ಒಡೆದವನಿಗೆ ಮೊದಲ ಬಿಡ್ 10 ಲಕ್ಷ, ಎರಡನೆಯದು 6 ಲಕ್ಷ ಎಂದು ಗೊತ್ತಾಗುತ್ತದೆ. ಆಗ 9 ಲಕ್ಷದ 90 ಸಾವಿರದ ಒಂದು ಸುಳ್ಳು ಲಕೋಟೆ ಸೇರಿಸಿದರೆ ಗೆದ್ದವನಿಂದ ಸುಮಾರು 4 ಲಕ್ಷ ಹೆಚ್ಚು ವಸೂಲಾಗುತ್ತದೆ, ಯಾರಿಗೂ ಸಂಶಯವೂ ಬರುವುದಿಲ್ಲ. ಹ್ಯಾಶ್‌ಗಳೆಲ್ಲ ಗಡುವಿಗೆ ಮುಂಚೆ ಸಾರ್ವಜನಿಕವಾಗಿ ದಾಖಲಾಗಿದ್ದರೆ ಹೊಸ ಲಕೋಟೆ ತಂದು ಸೇರಿಸುವ ದಾರಿ ಮುಚ್ಚಿತು.

ಪೂರ್ತಿ ಮುಚ್ಚಿತೇ? ಮಾರುವವನು ಚುರುಕಾಗಿದ್ದರೆ ಗಡುವಿಗೆ ಮುಂಚೆಯೇ 5, 6, 7, 8, 9 ಲಕ್ಷದ ಐದು ಬೇನಾಮಿ ಹ್ಯಾಶ್ ಹಾಕಿಟ್ಟು, ಉಳಿದವರು ತಮ್ಮ ಅಂಕಿ ತೆರೆಯುವವರೆಗೆ ಕಾದು, ಲಾಭದ ಒಂದನ್ನಷ್ಟೇ ತೆರೆದು ಉಳಿದವನ್ನು ಹಾಗೇ ಬಿಡಬಹುದು. ಇದಕ್ಕೆ ಮದ್ದು ಠೇವಣಿ: ಪ್ರತಿ ಹ್ಯಾಶ್ ಜೊತೆ ಹಣ ಕಟ್ಟಬೇಕು, ತೆರೆಯದೆ ಬಿಟ್ಟರೆ ಅದು ಜಪ್ತಿ. ಇಥೀರಿಯಂ ಜಾಲದ ಹೆಸರು ನೋಂದಣಿ ಸೇವೆ ಇಎನ್‌ಎಸ್ 2017ರ ಮೇ 4ರಂದು ಶುರುವಾದಾಗ ಈ ಕ್ರಮವನ್ನೇ ಅನುಸರಿಸಿತು. ಡಾಟ್ ಇಟಿಎಚ್ ಎಂದು ಕೊನೆಗೊಳ್ಳುವ ಒಂದೊಂದು ಹೆಸರಿಗೂ ಐದು ದಿನದ ವಿಕ್ರಿ ಹರಾಜು. ಕೊನೆಯ 48 ಗಂಟೆ ಬಿಡ್ ತೆರೆಯುವುದಕ್ಕೆ. ಕಟ್ಟುವ ಠೇವಣಿ ಎಲ್ಲರಿಗೂ ಕಾಣುತ್ತಿದ್ದುದರಿಂದ, ಅಸಲು ಬಿಡ್‌ಗಿಂತ ಹೆಚ್ಚು ಹಣ ಕಟ್ಟಿ ಕಣ್ಣು ತಪ್ಪಿಸಲು ಅವಕಾಶವಿತ್ತು. ಗಡುವಿನೊಳಗೆ ತೆರೆಯದವರು ಹಣ ಕಳೆದುಕೊಂಡರು. ಅವರಲ್ಲಿ ಮೋಸಗಾರರಿಗಿಂತ ಮರೆಗುಳಿಗಳೇ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಬಿಡ್ ಗುಟ್ಟಾಗಿದ್ದರೂ ಯಾವ ಹೆಸರಿಗೆ ಹರಾಜು ನಡೆಯುತ್ತಿದೆ ಎಂಬುದು ಗುಟ್ಟಾಗಿ ಉಳಿಯಲಿಲ್ಲ. ಹೆಸರಿನ ಹ್ಯಾಶ್‌ಗೆ ಗುಪ್ತ ಪದ ಬೆರೆಸಿರಲಿಲ್ಲವಾದ್ದರಿಂದ ಜನ ನಿಘಂಟಿನ ಪದಗಳನ್ನೆಲ್ಲ ಹ್ಯಾಶ್ ಮಾಡಿ ಹೋಲಿಸಿಕೊಂಡರು. 2019ರ ಮೇ ತಿಂಗಳಲ್ಲಿ ಇಎನ್‌ಎಸ್ ಈ ಹರಾಜು ಕ್ರಮವನ್ನು ಕೈಬಿಟ್ಟು ವಾರ್ಷಿಕ ಬಾಡಿಗೆಗೆ ಬದಲಾಯಿತು.

ಠೇವಣಿಯ ಹಣ ಯಾರ ಬಳಿ ಇರುತ್ತದೆಂಬುದೂ ಸಣ್ಣ ಪ್ರಶ್ನೆಯಲ್ಲ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಹಾಕಿದವರು ಗುತ್ತಿಗೆದಾರರ ಇಎಂಡಿ ಠೇವಣಿಯಿಂದ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ಸಾಗಿಸಿದ ಪ್ರಕರಣದ ತನಿಖೆ ಸಿಐಡಿಗೆ ಹೋಯಿತು. ಸ್ಮಾರ್ಟ್ ಕಾಂಟ್ರಾಕ್ಟಿನಲ್ಲಿ ಠೇವಣಿಯನ್ನು ಹಿಡಿದಿಟ್ಟುಕೊಳ್ಳುವುದು ಪ್ರೋಗ್ರಾಂ. ಸೋತವರಿಗೆ ವಾಪಸ್, ಗೆದ್ದವನದು ಮಾಲು ತಲುಪಿದ ಮೇಲೆ ಮಾರಿದವನಿಗೆ: ಈ ನಿಯಮ ಮೊದಲೇ ಬರೆದಿರುತ್ತದೆ, ನಡುವೆ ಗುಮಾಸ್ತನ ಕೈ ಇಲ್ಲ. ಆದರೆ ನಿಯಮ ಬರೆದವನ ಕೈ ತಪ್ಪಿದರೆ ಸರಿಪಡಿಸುವ ಕೈಯೂ ಇಲ್ಲ. 2022ರ ಏಪ್ರಿಲ್‌ನಲ್ಲಿ ಅಕುಟಾರ್ಸ್ ಎಂಬ ಡಿಜಿಟಲ್ ಚಿತ್ರಗಳ ಹರಾಜಿನ ಕಾಂಟ್ರಾಕ್ಟನ್ನು, ಬಿಡ್ ಮಾಡಿದ ಜನರ ಲೆಕ್ಕವನ್ನೂ ಅವರು ಕೇಳಿದ ಚಿತ್ರಗಳ ಲೆಕ್ಕವನ್ನೂ ಒಂದೇ ಎಂದು ಭಾವಿಸಿ ಬರೆಯಲಾಗಿತ್ತು. ಒಬ್ಬೊಬ್ಬರು ಎರಡು ಮೂರು ಚಿತ್ರ ಕೇಳಿದ್ದರಿಂದ ಎರಡು ಲೆಕ್ಕಗಳೂ ಎಂದಿಗೂ ಕೂಡಿಬರದೆ, ಹರಾಜು ನಡೆಸಿದವರ ಪಾಲಿನ 11,539.5 ಈಥರ್ (ಇಥೀರಿಯಂ ಜಾಲದ ಹಣ) ಶಾಶ್ವತವಾಗಿ ಒಳಗೇ ಸಿಕ್ಕಿಕೊಂಡಿತು. ಅಂದಿನ ಬೆಲೆಯಲ್ಲಿ ಅದು ಸುಮಾರು 3.4 ಕೋಟಿ ಡಾಲರ್. ಕದ್ದವರು ಯಾರೂ ಇಲ್ಲ, ಹಣ ಇಂದಿಗೂ ಎಲ್ಲರ ಕಣ್ಣೆದುರಿಗಿದೆ.

ಬಹಿರಂಗ ಹರಾಜಿನಲ್ಲಿ ಸಮಯದ ತಕರಾರು ಬೇರೆ. ಇಬೇಯಲ್ಲಿ ಗಡಿಯಾರ ನಿಂತಾಗ ಹರಾಜು ಮುಗಿಯುತ್ತದೆ, ಆದ್ದರಿಂದ ಅನುಭವಿಗಳು ಕೊನೆಯ ಕೆಲವು ಸೆಕೆಂಡಿನವರೆಗೆ ಸುಮ್ಮನಿರುತ್ತಾರೆ. ಅಮೆಜಾನ್ ತನ್ನ ಹಳೆಯ ಹರಾಜಿನಲ್ಲಿ ಕೊನೆಗಳಿಗೆಯ ಬಿಡ್ ಬಂದರೆ ಹತ್ತು ನಿಮಿಷ ಮುಂದೂಡುತ್ತಿತ್ತು. ಎರಡನ್ನೂ ಹೋಲಿಸಿದ ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್, ಗಡುವು ಮುಂದೆ ಹೋಗುವ ಕಡೆ ಈ ಹೊಂಚು ಎಷ್ಟೋ ಕಡಿಮೆ ಎಂದು ಕಂಡರು. ಬ್ಲಾಕ್‌ಚೈನ್‌ನಲ್ಲಿ ತೊಂದರೆ ಇನ್ನೂ ತೊಡಕಿನದು. ಬಿಡ್ ದಾಖಲಾಗುವ ಮುನ್ನ ಸಾರ್ವಜನಿಕ ಸರತಿಯಲ್ಲಿ ಕಾಯುತ್ತದೆ, ಹೆಚ್ಚು ಶುಲ್ಕ ಕೊಟ್ಟವರು ಸರತಿಯಲ್ಲಿ ಮುಂದೆ ನುಗ್ಗಬಹುದು. ಸರತಿಯಲ್ಲಿದ್ದ ಬಿಡ್ ನೋಡಿ ಅದಕ್ಕಿಂತ ಒಂದು ರೂಪಾಯಿ ಮೇಲೆ ಕೂಗಿ, ಅದಕ್ಕಿಂತ ಮೊದಲೇ ದಾಖಲಾಗುವುದನ್ನು ವೃತ್ತಿ ಮಾಡಿಕೊಂಡ ಪ್ರೋಗ್ರಾಂಗಳಿವೆ. ಜಾಲವೇ ಕಿಕ್ಕಿರಿದರೆ ಏನಾಗುತ್ತದೆಂದು 2020ರ ಮಾರ್ಚ್ 12 ತೋರಿಸಿತು. ಅಂದು ಈಥರ್ ಬೆಲೆ ಒಂದೇ ದಿನದಲ್ಲಿ ಕುಸಿದು, ಮೇಕರ್‌ಡಿಎಒ ಎಂಬ ಸಾಲ ವ್ಯವಸ್ಥೆ ಅಡವಿಟ್ಟ ಈಥರನ್ನು ಹರಾಜಿಗೆ ಹಾಕಿತು. ಶುಲ್ಕ ಏರಿ, ಸರತಿ ಬೆಳೆದು, ಎಷ್ಟೋ ಬಿಡ್‌ಗಳು ಒಳಗೇ ಬರಲಿಲ್ಲ. ಪ್ರತಿಸ್ಪರ್ಧಿಯಿಲ್ಲದ ಕಡೆ ಸೊನ್ನೆ ಕೂಗಿದವರು ಸುಮಾರು 80 ಲಕ್ಷ ಡಾಲರ್ ಮೌಲ್ಯದ ಈಥರನ್ನು ಪುಕ್ಕಟೆ ಒಯ್ದರು. ನಿಯಮದ ಒಂದಕ್ಷರವೂ ಮುರಿದಿರಲಿಲ್ಲ. ಮೇಕರ್‌ಡಿಎಒ ಮೊದಲು ಹರಾಜಿನ ಅವಧಿ ಹೆಚ್ಚಿಸಿ, ಮರುವರ್ಷ ಬೆಲೆ ಮೇಲಿನಿಂದ ಇಳಿಯುತ್ತ ಬರುವ ಡಚ್ ಹರಾಜಿಗೆ ಹೊರಳಿತು.

ಬೇನಾಮಿ ಬಿಡ್‌ನ ವಿಷಯದಲ್ಲಿ ತೆರೆದ ಬ್ಲಾಕ್‌ಚೈನ್ ಇಬೇಗಿಂತ ದುರ್ಬಲ. ಇಬೇಯಲ್ಲಿ ಖಾತೆ ತೆರೆಯಲು ಇಮೇಲ್ ಆದರೂ ಬೇಕು, ಇಲ್ಲಿ ಒಬ್ಬನೇ ಒಂದು ಮಧ್ಯಾಹ್ನದಲ್ಲಿ ಸಾವಿರ ವ್ಯಾಲೆಟ್ ತೆರೆಯಬಹುದು. 2021ರ ಅಕ್ಟೋಬರ್‌ನಲ್ಲಿ ಕ್ರಿಪ್ಟೋಪಂಕ್ 9998 ಎಂಬ ಚಿತ್ರ 124,457 ಈಥರ್‌ಗೆ, ಅಂದರೆ 53 ಕೋಟಿ ಡಾಲರ್‌ಗೂ ಮೇಲೆ ಮಾರಾಟವಾದಂತೆ ದಾಖಲಾಯಿತು. ಚಿತ್ರದ ಒಡೆಯ ಕ್ಷಣಮಾತ್ರದ ಸಾಲ ಎತ್ತಿ, ತನ್ನ ಒಂದು ವ್ಯಾಲೆಟ್‌ನಿಂದ ಇನ್ನೊಂದಕ್ಕೆ ತಾನೇ ಮಾರಿ, ಅದೇ ವಹಿವಾಟಿನಲ್ಲಿ ಸಾಲ ತೀರಿಸಿದ್ದ. ದಾಖಲೆ ಶುದ್ಧವಾಗಿತ್ತು, ಮಾರಾಟ ಮಾತ್ರ ನಾಟಕ. ಈ ನಾಟಕ ಕೆಲವೇ ಗಂಟೆಗಳಲ್ಲಿ ಬಯಲಾದದ್ದೂ ದಾಖಲೆ ಎಲ್ಲರಿಗೂ ತೆರೆದಿದ್ದರಿಂದಲೇ ಎಂಬುದನ್ನು ಒಪ್ಪಬೇಕು. ಯಾವ ವ್ಯಾಲೆಟ್‌ಗೆ ಹಣ ಎಲ್ಲಿಂದ ಬಂತೆಂದು ಹಿಂಬಾಲಿಸಿ ಬೇನಾಮಿ ಗುಂಪುಗಳನ್ನು ಪತ್ತೆ ಮಾಡುವ ಕೆಲಸ ಇಂದು ಬೇರೆಯೇ ಒಂದು ಉದ್ಯಮ. ಆದರೂ ಒಬ್ಬ ಮನುಷ್ಯನಿಗೆ ಒಂದೇ ಖಾತೆ ಎಂದು ಖಾತರಿ ಮಾಡಿಕೊಳ್ಳಲು ಕೆವೈಸಿ ಬೇಕು, ಅದನ್ನು ಮಾಡಲು ಬ್ಯಾಂಕೋ ಸರ್ಕಾರವೋ ಬೇಕು.

ಕೊಳ್ಳುವವರ ಕೂಟದ ಬಗ್ಗೆ ಈ ತಂತ್ರಜ್ಞಾನದ ಭಕ್ತರು ಮಾತಾಡುವುದು ಕಡಿಮೆ. ಐದು ಜನ ವರ್ತಕರು ಬೆಲೆ ಏರಿಸುವುದು ಬೇಡವೆಂದು ಒಪ್ಪಂದ ಮಾಡಿಕೊಂಡರೆ, ಅದು ಮುರಿಯುವುದು ಅವರಲ್ಲೊಬ್ಬ ಆಸೆಬಿದ್ದು ಗುಟ್ಟಾಗಿ ಹೆಚ್ಚು ಕೂಗಿದಾಗ. ಯಾರು ಎಷ್ಟು ಕೂಗಿದರೆಂಬುದು ಶಾಶ್ವತವಾಗಿ, ಎಲ್ಲರಿಗೂ ಕಾಣುವಂತೆ ಉಳಿದರೆ ಒಪ್ಪಂದ ಮುರಿದವನನ್ನು ಕೂಟ ತಕ್ಷಣ ಹಿಡಿಯುತ್ತದೆ. ಪಾರದರ್ಶಕತೆ ಇಲ್ಲಿ ಕೂಟದ ಪರ. ಕರ್ನಾಟಕದ ಎಪಿಎಂಸಿಗಳಲ್ಲಿ 2014ರಿಂದ ನಡೆದಿರುವ ಏಕೀಕೃತ ಮಾರುಕಟ್ಟೆ ವೇದಿಕೆಯ ಇ-ಟೆಂಡರ್ ಈ ರೋಗಕ್ಕೆ ಬೇರೆಯದೇ ಚಿಕಿತ್ಸೆ ಹುಡುಕಿತು: ಮಂಡಿಗೆ ಬರದ, ಬೇರೆ ಊರಿನ ವರ್ತಕರೂ ದರ ನಮೂದಿಸುವಂತೆ ಮಾಡುವುದು. ಕೂಟ ಒಡೆಯಲು ಕೂಟದ ಹೊರಗಿನವರು ಬೇಕು, ಹ್ಯಾಶ್ ಅಲ್ಲ.

ಮಾಲಿನ ವಿಷಯಕ್ಕೆ ಬಂದರೆ ಬ್ಲಾಕ್‌ಚೈನ್ ಕುರುಡು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಇ-ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಬೆಳೆದ ತೋಟ, ಎತ್ತರ, ತಳಿ ಇವೆಲ್ಲ ದಾಖಲಾಗಿ, ಬೆಳೆಗಾರನಿಂದ ಕೊಳ್ಳುವವನವರೆಗೆ ಕೈ ಬದಲಾದದ್ದೆಲ್ಲ ಕಾಣಬೇಕೆಂಬುದು ಉದ್ದೇಶ. ಒಮ್ಮೆ ಬರೆದದ್ದನ್ನು ನಡುವಿನವರು ತಿದ್ದಲಾಗದು, ಅದು ಲಾಭವೇ. ಆದರೆ ಚೀಲದಲ್ಲಿ ಅರೇಬಿಕಾ ಎಂದು ಬರೆದು ರೊಬಸ್ಟಾ ಬೆರೆಸಿದ್ದರೆ ಬ್ಲಾಕ್‌ಚೈನ್ ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಚೀಲ ಬಿಚ್ಚಿ, ಬೀಜ ನೋಡಿ, ಕಪ್ಪಿಗೆ ಹಾಕಿ ರುಚಿ ನೋಡುವ ಪರೀಕ್ಷಕನ ಸಹಿ ದಾಖಲೆಯ ಮೊದಲ ಸಾಲಿನಲ್ಲಿರಬೇಕು. ಡೀಬೆನ್‌ಕಾರ್ನ್ ಹೆಸರಿನ ಚಿತ್ರಕ್ಕೂ ಬೇಕಿದ್ದದ್ದು ಅಂಥ ಒಬ್ಬ ಪರೀಕ್ಷಕ.

ಸರ್ಕಾರಗಳು ಇಂಥ ಯೋಜನೆಗಳಿಗೆ ಸಾಮಾನ್ಯವಾಗಿ ಆರಿಸಿಕೊಳ್ಳುವುದು ಎಲ್ಲರಿಗೂ ತೆರೆದ ಜಾಲವನ್ನಲ್ಲ, ಅನುಮತಿ ಪಡೆದವರು ಮಾತ್ರ ಸೇರಬಹುದಾದ ಖಾಸಗಿ ಜಾಲವನ್ನು. ಶುಲ್ಕ ಕಡಿಮೆ, ವೇಗ ಹೆಚ್ಚು, ಕ್ರಿಪ್ಟೋ ಹಣದ ರಗಳೆಯಿಲ್ಲ. 2022ರಿಂದ ಅದರ ಲಾಭದ ಮೇಲೆ ಶೇ 30 ತೆರಿಗೆ, ವಹಿವಾಟಿನ ಮೇಲೆ ಶೇ 1 ಟಿಡಿಎಸ್ ಬಿದ್ದಿರುವಾಗ ಭಾರತದಲ್ಲಿ ಇದು ಸಹಜ ಆಯ್ಕೆ. ಕೇಳಬೇಕಾದ ಪ್ರಶ್ನೆ ಒಂದೇ: ಪ್ರತಿಗಳು ಯಾರ ಬಳಿ ಇವೆ? ಏಳು ಸರ್ವರ್‌ಗಳೂ ಒಂದೇ ಇಲಾಖೆಯ ಕೊಠಡಿಯಲ್ಲಿದ್ದು, ಒಬ್ಬನೇ ಅಧಿಕಾರಿಯ ಪಾಸ್‌ವರ್ಡ್‌ಗೆ ಬಗ್ಗುವುದಾದರೆ ಅದು ದುಬಾರಿ ಡೇಟಾಬೇಸ್, ಅಷ್ಟೆ. ಒಂದು ಪ್ರತಿ ಲೆಕ್ಕಪರಿಶೋಧಕರ ಬಳಿ, ಒಂದು ಬ್ಯಾಂಕಿನಲ್ಲಿ, ಒಂದು ಗುತ್ತಿಗೆದಾರರ ಸಂಘದಲ್ಲಿ ಇದ್ದರೆ ಮಾತ್ರ ತಿದ್ದುವವನು ಮೂರೂ ಕಡೆ ಒಪ್ಪಿಸಬೇಕಾಗುತ್ತದೆ.

ಬ್ಲಾಕ್‌ಚೈನ್ ಇಲ್ಲದೆಯೂ ಇದನ್ನು ಸಾಧಿಸಿದವರಿದ್ದಾರೆ. 2008ರ ಜನವರಿಯಲ್ಲಿ ಡೆನ್ಮಾರ್ಕ್‌ನ ಸುಮಾರು 1,200 ಸಕ್ಕರೆ ಬೀಟ್ ಬೆಳೆಗಾರರು ಸಕ್ಕರೆ ಕಂಪನಿಗೆ ಬೆಳೆ ಪೂರೈಸುವ ಹಕ್ಕುಗಳನ್ನು ತಮ್ಮೊಳಗೆ ಮಾರಿ-ಕೊಳ್ಳಲು ಒಂದು ಹರಾಜು ನಡೆಸಿದರು. ಪ್ರತಿ ಬಿಡ್ ಗೂಢಲಿಪಿಯಲ್ಲಿ ಮೂರು ತುಂಡಾಗಿ ಮೂರು ಸರ್ವರ್‌ಗಳಿಗೆ ಹೋಯಿತು: ಒಂದು ರೈತ ಸಂಘದ್ದು, ಒಂದು ಕಂಪನಿಯದ್ದು, ಒಂದು ಸಂಶೋಧಕರದ್ದು. ಮೂರೂ ಸೇರಿ ಮಾರುಕಟ್ಟೆ ಬೆಲೆಯನ್ನು ಲೆಕ್ಕ ಹಾಕಿದವು. ಯಾವ ಒಂದು ಸರ್ವರ್‌ಗೂ ಯಾವ ಒಬ್ಬ ರೈತನ ಬಿಡ್ ಕಾಣಲಿಲ್ಲ, ಹರಾಜು ಮುಗಿದ ಮೇಲೂ ಕಾಣಲಿಲ್ಲ. ಬ್ಲಾಕ್‌ಚೈನ್ ಹರಾಜಿನಲ್ಲಿ ಕೊನೆಗೆ ಎಲ್ಲ ಬಿಡ್‌ಗಳೂ ಬಯಲಾಗುವ ಕೊರತೆಯನ್ನು ತುಂಬಲು ಇಂದು ಬಳಸುವ ಶೂನ್ಯ-ಜ್ಞಾನ ಪುರಾವೆಯ ಗುರಿಯೂ ಇದೇ ಬಗೆಯದು: ಅಂಕಿ ತೋರಿಸದೆಯೇ ಗೆದ್ದವನು ನ್ಯಾಯವಾಗಿ ಗೆದ್ದನೆಂದು ಸಾಬೀತುಪಡಿಸುವುದು.

ಇದಕ್ಕಿಂತ ಅಗ್ಗದ ದಾರಿಯೂ ಇದೆ. ಟೆಂಡರ್ ಗಡುವು ಮುಗಿದ ಕೂಡಲೇ, ಪೆಟ್ಟಿಗೆ ತೆರೆಯುವ ಮುನ್ನ, ಬಂದ ಎಲ್ಲ ಬಿಡ್‌ಗಳ ಒಟ್ಟು ಹ್ಯಾಶನ್ನು ದಿನಪತ್ರಿಕೆಯ ಜಾಹೀರಾತಿನಲ್ಲಿ ಪ್ರಕಟಿಸಿ, ಪ್ರತಿ ಬಿಡ್‌ದಾರನಿಗೂ ಅವನ ಕಡತದ ಹ್ಯಾಶ್ ಇರುವ ರಸೀದಿ ಕೊಟ್ಟರೆ, ಆಮೇಲಿನ ತಿದ್ದುಪಡಿ ಅವನ ಕೈಯಲ್ಲೇ ಸಿಕ್ಕಿಬೀಳುತ್ತದೆ. ಕಾನೂನೂ ಇದಕ್ಕೆ ಸಿದ್ಧವಾಗಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಜೊತೆಗಿಡಬೇಕಾದ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ಅದನ್ನು ತೆಗೆದ ಸೂತ್ರದ ಹೆಸರನ್ನೂ ಬರೆಯಬೇಕು. ಆ ಪತ್ರದ ಮೊದಲ ಭಾಗಕ್ಕೆ ದಾಖಲೆ ಹಾಜರುಪಡಿಸುವವರು, ಎರಡನೆಯದಕ್ಕೆ ಪರಿಣತರೊಬ್ಬರು ಸಹಿ ಮಾಡುತ್ತಾರೆ.